ಸತ್ಯಾಂಶ: 1950ರ ವಿಶ್ವಕಪ್ ಮತ್ತು ಬರಿಗಾಲಿನ ಕಥೆ

ವಿಶ್ವಕಪ್ ಫುಟ್‌ಬಾಲ್ ಹತ್ತಿರ ಬಂದಾಗಲೆಲ್ಲ ಈ ಫಾರ್ವರ್ಡ್ ಸಂದೇಶ ಮತ್ತೆ ಓಡಾಡುತ್ತದೆ: ಬರಿಗಾಲಲ್ಲಿ ಆಡಲು ಬಿಡಲಿಲ್ಲವೆಂದು ಭಾರತ 1950ರಲ್ಲಿ ಬ್ರೆಜಿಲ್‌ಗೆ ಹೋಗಲಿಲ್ಲವಂತೆ. ನಿಜವಾದ ಕಾರಣ ಅದಲ್ಲ.

ನಂಬಿದವರನ್ನು ದೂರುವಂತಿಲ್ಲ, ಕಥೆಯ ಒಂದು ಎಳೆ ನಿಜವೇ. 1948ರ ಲಂಡನ್ ಒಲಿಂಪಿಕ್ಸ್‌ನಲ್ಲಿ ನಮ್ಮ ಹೆಚ್ಚಿನ ಆಟಗಾರರು ಬರಿಗಾಲಲ್ಲೇ ಆಡಿದ್ದರು. ಎರಡು ಪೆನಾಲ್ಟಿ ಕೈತಪ್ಪಿ, ಫ್ರಾನ್ಸ್ ಎದುರು 2–1ರಿಂದ ಸೋತರು. ಎಂಥ ಆಟ ಅದು!

1950ರಲ್ಲಿ ಅರ್ಹತಾ ಗುಂಪಿನ ಬೇರೆ ತಂಡಗಳು ಹಿಂದೆ ಸರಿದಿದ್ದರಿಂದ ಭಾರತಕ್ಕೆ ಜಾಗ ಸಿಕ್ಕಿತ್ತು. ತಂಡ ಕಳಿಸದಿರುವ ತೀರ್ಮಾನ ನಮ್ಮವರದೇ. ಆಯ್ಕೆಯಲ್ಲಿ ಭಿನ್ನಾಭಿಪ್ರಾಯ, ಅಭ್ಯಾಸಕ್ಕೆ ಸಮಯ ಸಾಲದು ಎಂಬುದು ಅಧಿಕೃತವಾಗಿ ಕೊಟ್ಟ ಕಾರಣ. ಆಗ ವಿಶ್ವಕಪ್‌ಗಿಂತ ಒಲಿಂಪಿಕ್ಸ್ ದೊಡ್ಡದು ಎನ್ನುವ ಭಾವನೆಯೂ ಇತ್ತು.

ಪರೀಕ್ಷಿಸುವುದು ಸುಲಭ: ಇಸವಿಗಳನ್ನು ಪಕ್ಕಪಕ್ಕದಲ್ಲಿಟ್ಟು ನೋಡಿ. 1952ರ ಹೆಲ್ಸಿಂಕಿ ಒಲಿಂಪಿಕ್ಸ್‌ನಲ್ಲೂ ನಮ್ಮವರಲ್ಲಿ ಹಲವರು ಬರಿಗಾಲಲ್ಲೇ ಆಡಿ, ಯುಗೊಸ್ಲಾವಿಯಾಕ್ಕೆ 10–1ರಿಂದ ಸೋತರು. 1950ರಲ್ಲಿ ಅಡ್ಡಬಂದ ಬರಿಗಾಲು ಎರಡೇ ವರ್ಷದ ಬಳಿಕ ಹೇಗೆ ಅಡ್ಡಬರಲಿಲ್ಲ? ಸಂದೇಶದಲ್ಲಿ ನಿಷೇಧದ ದಿನಾಂಕವಿದೆಯೇ, ಆ ಕಾಲದ ಪತ್ರಿಕೆಯ ಆಧಾರವಿದೆಯೇ ಎಂದೂ ಹುಡುಕಿ. ಹಳೆಯ ಪತ್ರಿಕೆಗಳು ದೊಡ್ಡ ಗ್ರಂಥಾಲಯಗಳಲ್ಲಿ ಸಿಗುತ್ತವೆ.