ಹಗ್ಗದೊಳಗಿನ 25 ಚದರ ಮೀಟರ್

ಹೋದ ಸುಗ್ಗಿಯಲ್ಲಿ ಬಸವನ ಬಾಗೇವಾಡಿ ಕಡೆ ನಮ್ಮ ಸೋದರಮಾವನ ಹೊಲದಲ್ಲಿ ಬಿಳಿಜೋಳದ ಬೆಳೆ ಕಟಾವು ಪ್ರಯೋಗ ಇತ್ತು, ಅಂದರೆ ಹೊಲದ ಒಂದು ತುಂಡನ್ನು ಮಾತ್ರ ಕೊಯ್ದು ತೂಗಿ ಇಳುವರಿ ಅಂದಾಜು ಮಾಡುವುದು. ನಾನು ವಿಜಯಪುರದಲ್ಲಿ ಡಿಗ್ರಿ ಮಕ್ಕಳಿಗೆ ಸಂಖ್ಯಾಶಾಸ್ತ್ರ ಕಲಿಸುವವಳು. ರ‍್ಯಾಂಡಮ್ ಸ್ಯಾಂಪ್ಲಿಂಗ್ (ಚೀಟಿ ಎತ್ತಿದ ಹಾಗೆ ಮಾದರಿ ಆರಿಸುವುದು) ಅಂತ ಬೋರ್ಡ್ ಮೇಲೆ ಎಷ್ಟು ವರ್ಷ ಬರೆದಿದ್ದೇನೋ, ಅದನ್ನು ಎರೆಮಣ್ಣಿನ ಮೇಲೆ ನೋಡಿದ್ದು ಅವತ್ತೇ.

ಹೊಲದ ನೈರುತ್ಯ ಮೂಲೆಯಿಂದ ಶುರು. ಮೊದಲೇ ಗೊತ್ತಾಗಿದ್ದ ಸಂಖ್ಯೆಯಷ್ಟು ಹೆಜ್ಜೆ ಉದ್ದಕ್ಕೆ, ಇನ್ನೊಂದಷ್ಟು ಅಗಲಕ್ಕೆ ನಡೆದು ಗೂಟ ಬಡಿದರು. ಐದು ಮೀಟರ್‌ಗೆ ಐದು ಮೀಟರ್ ಹಗ್ಗ ಎಳೆದರು. ಒಂದು ದಂಟು ಸರಿಯಾಗಿ ಹಗ್ಗಕ್ಕೇ ತಾಗಿ ನಿಂತಿತ್ತು. ವಿಮಾ ಕಂಪನಿಯಿಂದ ಬಂದಿದ್ದ ಹುಡುಗ ಒಳಗೆ ಅಂದ, ಮಾವ ಹೊರಗೆ ಅಂದ. ಗ್ರಾಮ ಸಹಾಯಕರು ಕುಕ್ಕರುಗಾಲಲ್ಲಿ ಕೂತು, ಬೆರಳಿನಿಂದ ಮಣ್ಣು ಸರಿಸಿ ಬುಡ ನೋಡಿದರು. “ಅರ್ಧಕ್ಕಿಂತ ಜಾಸ್ತಿ ಒಳಗೈತಿ. ಕೊಯ್ರಿ,” ಅಂದರು. ಮಾತು ಮುಗಿಯಿತು.

ಆ ಒಂದು ತೆನೆಗೆ ಯಾಕಿಷ್ಟು ಅಂತ ಕೇಳಬೇಡಿ. 25 ಚದರ ಮೀಟರ್ ಅಂದರೆ ಹೆಕ್ಟೇರಿನ 400ರಲ್ಲಿ ಒಂದು ಪಾಲು. ತೆನೆಯಲ್ಲಿ 50 ಗ್ರಾಂ ಕಾಳು ಇದ್ದರೂ ಲೆಕ್ಕದಲ್ಲಿ ಅದು ಹೆಕ್ಟೇರಿಗೆ 20 ಕಿಲೋ. ಒಂದು ಪಂಚಾಯ್ತಿಯಲ್ಲಿ ಒಂದು ಬೆಳೆಗೆ ಇಂಥ ಬೆರಳೆಣಿಕೆಯ ಪ್ರಯೋಗಗಳು. ಅವುಗಳ ಸರಾಸರಿ ನೋಡಿಯೇ ಆ ಪಂಚಾಯ್ತಿಯ ರೈತರಿಗೆಲ್ಲ ಫಸಲ್ ಬಿಮಾ (ಬೆಳೆ ವಿಮೆ) ಪರಿಹಾರ ಬರುತ್ತದೋ ಇಲ್ಲವೋ ಅನ್ನೋದು ತೀರ್ಮಾನ.

ಈ ವಿಧಾನ ಆಕಾಶದಿಂದ ಉದುರಿದ್ದಲ್ಲ. 1937ರಲ್ಲಿ ಬಂಗಾಳದ ಸೆಣಬಿನ ಸಮೀಕ್ಷೆ ಶುರು ಮಾಡಿದಾಗ ಸಂಖ್ಯಾಶಾಸ್ತ್ರಜ್ಞ ಮಹಾಲನೋಬಿಸ್ ಕೋಲ್ಕತ್ತದ ಪ್ರೆಸಿಡೆನ್ಸಿ ಕಾಲೇಜಿನ ಮೇಷ್ಟ್ರು. ಸೆಣಬಿನ ಲೆಕ್ಕ ಸರ್ಕಾರಕ್ಕೂ ಬೇಕಿತ್ತು, ಗಿರಣಿಯವರಿಗೂ ಬೇಕಿತ್ತು. ಮುಂದೆ ಇನ್ನೊಬ್ಬ ಸಂಖ್ಯಾಶಾಸ್ತ್ರಜ್ಞ ಸುಖಾತ್ಮೆಯವರು, ಕೊಯ್ಯುವ ತುಂಡು ಬಹಳ ಚಿಕ್ಕದಾದರೆ ಅಂಚಿನ ಗಿಡಗಳು ಒಳಗೆ ಸೇರಿಕೊಂಡು ಇಳುವರಿ ಹೆಚ್ಚಿಗೆ ತೋರುತ್ತದೆ ಅಂತ ವಾದಿಸಿದರು. ಆ ವಾದವೇ ಅವತ್ತು ಮಾವನ ಹೊಲದಲ್ಲಿ ಒಂದು ದಂಟಾಗಿ ನಿಂತಿತ್ತು ಅಂತ ನನಗನ್ನಿಸಿತು.

ಹೀಗೆ ಹಲವರು ಕೂಡಿ ಮಾಡಿದ ಇನ್ನೊಂದು ಲೆಕ್ಕದ ಕೆಲಸ, ಪಕ್ಕದ ಬೆಳಗಾವಿಯದೂ ಹೇಳಲೇಬೇಕು. 2002ರಿಂದ 2005ರವರೆಗೆ ಆ ಜಿಲ್ಲೆಯ ಹಳ್ಳಿಗಳಲ್ಲಿ 1620 ಬಾಣಂತಿಯರ ಮೇಲೆ ಒಂದು ಅಧ್ಯಯನ ನಡೆಯಿತು. ಜವಾಹರಲಾಲ್ ನೆಹರೂ ಮೆಡಿಕಲ್ ಕಾಲೇಜಿನವರು, ಅಮೆರಿಕದ ಸಂಶೋಧಕರು ಮತ್ತು ಆರೋಗ್ಯ ಕೇಂದ್ರಗಳ ನರ್ಸಮ್ಮಗಳು ಕೂಡಿ ಮಾಡಿದ್ದು. ಹೆರಿಗೆ ಆದ ಕೂಡಲೇ ಅರ್ಧದಷ್ಟು ಹೆಂಗಸರಿಗೆ ರಕ್ತಸ್ರಾವ ತಡೆಯುವ ಮಿಸೊಪ್ರೊಸ್ಟಾಲ್ ಗುಳಿಗೆ, ಉಳಿದವರಿಗೆ ಔಷಧವಿಲ್ಲದ ಗುಳಿಗೆ. ಯಾರಿಗೆ ಯಾವುದು ಅಂತ ಕೊಡುವವರಿಗೂ ಗೊತ್ತಿಲ್ಲ. ವಿಪರೀತ ರಕ್ತಸ್ರಾವ ಔಷಧವಿಲ್ಲದ ಗುಳಿಗೆಯವರಲ್ಲಿ 100ಕ್ಕೆ 12 ಇದ್ದರೆ, ಔಷಧ ಪಡೆದವರಲ್ಲಿ 6.4 ಮಾತ್ರ. 2006ರಲ್ಲಿ ‘ಲ್ಯಾನ್ಸೆಟ್’ ಎಂಬ ವೈದ್ಯಕೀಯ ಪತ್ರಿಕೆಯಲ್ಲಿ ಪ್ರಕಟವಾಯಿತು. 2011ರಲ್ಲಿ ವಿಶ್ವ ಆರೋಗ್ಯ ಸಂಸ್ಥೆ ಈ ಬಳಕೆಗಾಗಿ ಆ ಗುಳಿಗೆಯನ್ನು ಅತ್ಯಗತ್ಯ ಔಷಧಿಗಳ ಪಟ್ಟಿಗೆ ಸೇರಿಸಿತು. ರಾತ್ರಿ ಹೊತ್ತು ಹೆರಿಗೆ ಮನೆಯಲ್ಲಿ ಕೂತು, ಹೋದ ರಕ್ತವನ್ನು ಅಳೆದು ಬರೆದಿಟ್ಟ ಆ ನರ್ಸಮ್ಮ ಇಲ್ಲದಿದ್ದರೆ ಯಾವ ಸೂತ್ರ ಏನು ಮಾಡುತ್ತಿತ್ತು?

ನಾನು ಹೇಳಬೇಕಾದ್ದು ಇದು. ಅಂಕಿ-ಅಂಶದ ಕೆಲಸ ಒಬ್ಬರಿಂದ ಆಗುವುದಲ್ಲ, ಆದರೆ ನಾವು ಶಾಲು ಹೊದಿಸುವುದು ಮಾತ್ರ ಒಬ್ಬರಿಗೆ. ಅಮೆರಿಕನ್ ಸ್ಟಾಟಿಸ್ಟಿಕಲ್ ಅಸೋಸಿಯೇಷನ್ 2002ರಿಂದ ‘ಸ್ಪೇಗ್’ ಅಂತ ಒಂದು ಪ್ರಶಸ್ತಿ ಇಟ್ಟಿದೆ. ವಿಶ್ವವಿದ್ಯಾಲಯ, ಉದ್ಯಮ, ಸರ್ಕಾರ ಕೂಡಿ ಮಾಡಿದ ಕೆಲಸಕ್ಕೆ ಅದು. ಮನ್ನಣೆ ಸಿಗುವುದು ಆ ಪಾಲುದಾರಿಕೆಗೆ. ನಮ್ಮಲ್ಲಿ ಸುಖಾತ್ಮೆಯವರ ಹೆಸರಲ್ಲಿ ಹಿರಿಯರಿಗೆ, ನಮ್ಮ ಹೂವಿನ ಹಡಗಲಿಯಲ್ಲೇ ಹುಟ್ಟಿದ ಸಂಖ್ಯಾಶಾಸ್ತ್ರಜ್ಞ ಸಿ.ಆರ್. ರಾವ್ ಅವರ ಹೆಸರಲ್ಲಿ ಕಿರಿಯರಿಗೆ ರಾಷ್ಟ್ರೀಯ ಪ್ರಶಸ್ತಿಗಳಿವೆ, ಇರಲೇಬೇಕು. ಆದರೆ ಕೂಡಿ ದುಡಿದದ್ದಕ್ಕೂ ನಮ್ಮ ರಾಜ್ಯದಲ್ಲೊಂದು ಗೌರವ ಬೇಡವೇ? ಅದರ ಪತ್ರದಲ್ಲಿ ಪ್ರೊಫೆಸರ್ ಹೆಸರಿನ ಪಕ್ಕಕ್ಕೇ ಗ್ರಾಮ ಸಹಾಯಕರ ಹೆಸರೂ ಇರಲಿ.

ಮನ್ನಣೆ ಇದ್ದರೆ ಬಾಗಿಲುಗಳೂ ತೆರೆಯುತ್ತವೆ. ನಮ್ಮ ಮಕ್ಕಳು ಲೆಕ್ಕ ಮಾಡಿ ಕಲಿಯಲಿ ಅಂತ, ರೈತರ ಹೆಸರು ತೆಗೆದು ಹಳೆಯ ಕಟಾವಿನ ತೂಕಗಳನ್ನು ಕೊಡಿ ಎಂದು ಒಂದು ಕಚೇರಿಗೆ ಮೂರು ಸಲ ಪತ್ರ ಬರೆದೆ. ಉತ್ತರ ಬರಲಿಲ್ಲ. ಅಲ್ಲಿಯವರು ಕೆಟ್ಟವರಲ್ಲ. ಕಾಲೇಜಿನ ಜೊತೆ ಸೇರಿ ಕೆಲಸ ಮಾಡಿದರೆ ಅವರಿಗೆ ಅದು ಹೆಚ್ಚಿನ ಹೊರೆ ಅಷ್ಟೇ, ಯಾರೂ ಬೆನ್ನು ತಟ್ಟುವುದಿಲ್ಲ. ನಮ್ಮ ಮಕ್ಕಳು ಇವತ್ತಿಗೂ ಪುಸ್ತಕದಲ್ಲಿ ಕೊಟ್ಟ ಯಾವುದೋ ಕಾಲದ ಅಂಕಿಗಳ ಮೇಲೇ ಲೆಕ್ಕ ಬಿಡಿಸುತ್ತಾರೆ, ಡೋಣಿ ಹೊಳೆಯ ಸಾಲಿನ ಜೋಳ ಇಷ್ಟು ಹತ್ತಿರ ಇಟ್ಟುಕೊಂಡು!

ಜೂನ್ 29, ಮಹಾಲನೋಬಿಸ್ ಹುಟ್ಟಿದ ದಿನ, ಸಾಂಖ್ಯಿಕ ದಿನ. ಈ ಸಲ ವಿಭಾಗದ ವೇದಿಕೆಗೆ ಆ ಗ್ರಾಮ ಸಹಾಯಕರನ್ನು ಕರೆಯಬೇಕೆಂದು ಫೋನ್ ಮಾಡಿದ್ದೆ. ಸ್ವಲ್ಪ ಹೊತ್ತು ಸುಮ್ಮನಿದ್ದು, “ನನ್ನನ್ಯಾಕ್ರಿ ಮೇಡಮ್ಮರ?” ಅಂದರು. ಆ ದಂಟಿನ ಮಾತು ನೆನಪಿಸಿದೆ. “ಮಳಿಯಾಗಿ ಬಿತ್ತಿಗಿ ಹತ್ತಿದ್ರ ಬರಾಕ ಆಗಂಗಿಲ್ರಿ. ಇಲ್ಲಂದ್ರ ಬರ್ತೀನಿ. ಹಗ್ಗ, ಗೂಟ ತರ್ಲೇನ್ರಿ?” ಅಂತ ಕೇಳಿದರು. ತನ್ನಿ ಅಂದಿದ್ದೇನೆ.