ಐದು ಕುದುರೆ ಕಮ್ಮಿ

ಕಾರು ಮಾರುವವರು ಸುಳ್ಳು ಹೇಳುತ್ತಾರೆ ಅಂದರೆ ಯಾರೂ ಹುಬ್ಬೇರಿಸುವುದಿಲ್ಲ. ಆದರೆ 1960ರ ದಶಕದಲ್ಲಿ ಅಮೆರಿಕದ ಕಂಪನಿಗಳ ಸುಳ್ಳೇ ಬೇರೆ ತರಹದ್ದು. ತಮ್ಮ ಎಂಜಿನ್ನಿಗೆ ಅಷ್ಟೇನೂ ಕಸುವಿಲ್ಲ ಅಂತ ಅವೇ ಬರೆದುಕೊಟ್ಟವು! ತೆರಿಗೆಯವರು ಅಂಗಡಿಗೆ ಬಂದಾಗ ಶೆಟ್ಟರು "ವ್ಯಾಪಾರ ಎಲ್ಲಿದೆ ಸ್ವಾಮಿ, ಬರೀ ನೊಣ ಹೊಡೀತಿದ್ದೀನಿ" ಅಂತಾರಲ್ಲ, ಹಾಗೆ. ಅಲ್ಲಿ ಕಣ್ಣಿಟ್ಟಿದ್ದವರು ವಿಮೆಯವರು. ಕುದುರೆ, ಅಂದರೆ ಎಂಜಿನ್ನಿನ ಅಶ್ವಶಕ್ತಿ, ಜಾಸ್ತಿಯಾದಷ್ಟೂ ಕಂತೂ ಜಾಸ್ತಿ.

1967ರ ಷೆವರ್ಲೆ ಕಂಪನಿಯ ಕಾರ್ವೆಟ್ ಎಂಬ ಸ್ಪೋರ್ಟ್ಸ್ ಕಾರು ನೋಡಿ. ಎಲ್71 ಎಂಬ ಎಂಜಿನ್ನಿಗೆ 437 ಡಾಲರ್ 10 ಸೆಂಟ್ ಹೆಚ್ಚು ಕೊಟ್ಟರೆ 435 ಕುದುರೆ. ಎಲ್88ಕ್ಕೆ 947 ಡಾಲರ್ 90 ಸೆಂಟ್ ಕೊಟ್ಟರೆ 430. ದುಪ್ಪಟ್ಟು ದುಡ್ಡಿಗೆ ಐದು ಕುದುರೆ ಕಮ್ಮಿ! ಜೊತೆಗೆ ರೇಡಿಯೊ ಇಲ್ಲ, ಹೀಟರ್ ಇಲ್ಲ. ಸಾಮಾನ್ಯ ಪೆಟ್ರೋಲು ಅದರ ಹೊಟ್ಟೆಗೆ ಹಿಡಿಸುವುದಿಲ್ಲ, 103 ಆಕ್ಟೇನ್‌ನ ಉತ್ತಮ ದರ್ಜೆಯದೇ ಬೇಕು. ನಿಜವಾಗಿ ಅದರೊಳಗೆ 500 ದಾಟಿ ಕುದುರೆಗಳಿದ್ದವು. ರೇಸಿನವರಿಗೆ ಇದು ಗೊತ್ತಿತ್ತು. ಉಳಿದವರು ದೂರವಿರಲಿ ಅಂತಲೇ ಈ ನಾಟಕ. ಜನ ನಂಬಿಬಿಟ್ಟರು. ಆ ವರ್ಷ ತಯಾರಾದದ್ದು ಬರೀ 20.

ಫೋರ್ಡಿನವರದು ಇನ್ನೊಂದು ತಮಾಷೆ. ನಾಸ್ಕಾರ್ ಎಂಬ ಅಮೆರಿಕದ ಕಾರ್ ರೇಸಿಗೆ ಎಂಜಿನ್ ಇಳಿಸಬೇಕಾದರೆ ಅದನ್ನು 500 ಕಾರಿನಲ್ಲಾದರೂ ಜನರಿಗೆ ಮಾರಿರಬೇಕಿತ್ತು. ಯಾವ ಕಾರಿನಲ್ಲಿ ಅಂತ ಯಾರೂ ಕೇಳಲಿಲ್ಲ. ರೇಸಿಗೆ ಹೋಗುವುದು ಫೋರ್ಡಿನ ಟೊರಿನೊ ಕಾರು, ಎಂಜಿನ್ ತುರುಕಿದ್ದು ಅವರದೇ ಮಸ್ಟಾಂಗ್ ಕಾರಿಗೆ. ಬಾಸ್ 429 ಎಂಬ ಆ ಎಂಜಿನ್ ಅದರೊಳಗೆ ಹಿಡಿಸಲಿಲ್ಲ. ಸಸ್ಪೆನ್ಷನ್ ಗೋಪುರಗಳನ್ನೇ ಅತ್ತಿತ್ತ ಸರಿಸಿದರು, ಬ್ಯಾಟರಿಯನ್ನು ಡಿಕ್ಕಿಗೆ ಅಟ್ಟಿದರು. ಮಂಚ ಹಿಡಿಸಲಿಲ್ಲ ಅಂತ ಗೋಡೆ ಒಡೆದ ಹಾಗೆ. ಇಷ್ಟಾದ ಮೇಲೆ ಕಾಗದದಲ್ಲಿ ಬರೆದದ್ದು ಎಷ್ಟು? 375 ಕುದುರೆ.

ಪಾಪ ಅನ್ನಿಸುವುದು ಇಲಿನಾಯ್‌ನ ಲಾ ಹಾರ್ಪ್ ಎಂಬ ಪುಟ್ಟ ಊರಿನ ಡೀಲರ್ ಫ್ರೆಡ್ ಗಿಬ್ ಕಥೆ. 1969ರಲ್ಲಿ ಅವನು ಪೂರ್ತಿ ಅಲ್ಯೂಮಿನಿಯಂನ ಜೆಡ್‌ಎಲ್1 ಎಂಜಿನ್ ಇರುವ, ಷೆವರ್ಲೆಯ 50 ಕಮಾರೊ ಕಾರು ತರಿಸಿಕೊಂಡ. ಬಿಲ್ ನೋಡಿ ಎದೆ ಧಸಕ್ಕೆಂದಿರಬೇಕು. ಎಂಜಿನ್ನಿಗೇ 4,160 ಡಾಲರ್! ಮಾಮೂಲಿ ಕಮಾರೊ ಇಡೀ ಕಾರೇ 3,000ದೊಳಗೆ ಸಿಗುತ್ತಿತ್ತು. ಬಹುಪಾಲು ಕಾರುಗಳನ್ನು ಅವನು ಕಂಪನಿಗೇ ವಾಪಸ್ ಕಳಿಸಿದ. ಒಟ್ಟು ತಯಾರಾದ 69 ಕಾರುಗಳಲ್ಲಿ ಕೆಲವಕ್ಕೆ ಗಿರಾಕಿ ಸಿಗದೆ, ಎಂಜಿನ್ ಕಿತ್ತು ಬೇರೆಯದನ್ನು ಕೂರಿಸಿ ಮಾರಿದರು.

ಈಗ ಅದೇ ಕಾರು ಹರಾಜಿಗೆ ಬಂದರೆ ಭೂತಗನ್ನಡಿ ಹಿಡಿದವರು ಬಾನೆಟ್ಟಿನೊಳಗೆ ತಲೆ ತೂರಿಸುತ್ತಾರೆ. ಓಡುತ್ತದಾ ಅಂತ ಯಾರೂ ಕೇಳುವುದಿಲ್ಲ. ಎಂಜಿನ್ ಬ್ಲಾಕಿನ ಮೇಲೆ ಒತ್ತಿದ ನಂಬರ್ ಕಾರಿನ ನಂಬರಿಗೆ ಕೂಡಿಬರಬೇಕು, ಅಷ್ಟೇ. ಜಾತಕ ಕೂಡಿದರೆ ಸಾಕು, ಹುಡುಗ ಕುಂಟನಾದರೂ ನಡೆಯುತ್ತದೆ. ಹಾಗಾಗಿ ಹಳೇ ನಂಬರ್ ಉಜ್ಜಿ ಹೊಸದು ಒತ್ತಿಕೊಡುವ ಕಳ್ಳ ಕಸುಬೂ ಹುಟ್ಟಿಕೊಂಡಿದೆ. ಕಂಪನಿ ಬರೆದ ನಂಬರ್ ಸುಳ್ಳು, ಕಳ್ಳ ಒತ್ತಿದ ನಂಬರೂ ಸುಳ್ಳು. ಎರಡರ ಮಧ್ಯೆ ಕುದುರೆಗಳು ಮಾತ್ರ ಅಸಲಿ. ಅವನ್ನು ಯಾರೂ ಓಡಿಸುವುದಿಲ್ಲ, ಟ್ರೈಲರ್ ಮೇಲೆ ಮಲಗಿಸಿ ಸಾಗಿಸುತ್ತಾರೆ.

2014ರಲ್ಲಿ 1967ರ ಒಂದು ಎಲ್88 ಕಾರ್ವೆಟ್ 38 ಲಕ್ಷ 50 ಸಾವಿರ ಡಾಲರಿಗೆ ಹೋಯಿತು. ಕಾಗದದಲ್ಲಿ ಇನ್ನೂ ಐದು ಕುದುರೆ ಕಮ್ಮಿಯೇ.