ಟೆಕ್ಸಾಸ್‌ನಲ್ಲಿ ಟ್ಯಾಕ್ಸೇ ಇಲ್ವಾ?

"ಟೆಕ್ಸಾಸ್‌ಗೆ ಹೋದರೆ ಟ್ಯಾಕ್ಸೇ ಇಲ್ಲ" ಅನ್ನುವ ಮಾತು ಅಮೆರಿಕದಲ್ಲಿರುವ ನಮ್ಮವರ ನಡುವೆ ಓಡಾಡುತ್ತಿದೆ. ಅರ್ಧ ನಿಜ. ಅಲ್ಲಿ ರಾಜ್ಯದ ಆದಾಯ ತೆರಿಗೆ ಇಲ್ಲ. 2019ರಲ್ಲಿ ರಾಜ್ಯದ ಸಂವಿಧಾನಕ್ಕೇ ತಿದ್ದುಪಡಿ ತಂದು ಅದಕ್ಕೆ ಬಾಗಿಲು ಹಾಕಿದ್ದಾರೆ. ಆದರೆ ಕೇಂದ್ರದ ಆದಾಯ ತೆರಿಗೆ ಎಲ್ಲಿದ್ದರೂ ಕಟ್ಟಲೇಬೇಕು.

ಸೇಲ್ಸ್ ಟ್ಯಾಕ್ಸ್ ರಾಜ್ಯದ್ದು 6.25%, ಊರಿನದ್ದೂ ಸೇರಿದರೆ 8.25%ವರೆಗೆ. ಅಕ್ಕಿ, ಹಾಲು, ತರಕಾರಿಗೆ ಇಲ್ಲ, ಅಷ್ಟು ಪುಣ್ಯ.

ಜಾಸ್ತಿ ಹೊಡೆತ ಬೀಳುವುದು ಮನೆ ತೆರಿಗೆಯಲ್ಲಿ. ಅದನ್ನು ಕೌಂಟಿ (ನಮ್ಮ ಜಿಲ್ಲೆಯಂಥದ್ದು), ಸಿಟಿ, ಸ್ಕೂಲ್ ಡಿಸ್ಟ್ರಿಕ್ಟ್‌ಗಳು (ಆಯಾ ಪ್ರದೇಶದ ಸರ್ಕಾರಿ ಶಾಲೆ ನಡೆಸುವ ಸಂಸ್ಥೆಗಳು) ಹಾಕುತ್ತವೆ. ಎಲ್ಲ ಸೇರಿ 2% ಅಂತ ಇಟ್ಟುಕೊಳ್ಳಿ: 4 ಲಕ್ಷ ಡಾಲರ್ ಮನೆಗೆ ವರ್ಷಕ್ಕೆ 8,000 ಡಾಲರ್! ಸ್ವಂತ ವಾಸಕ್ಕಾದರೆ ಸ್ವಲ್ಪ ವಿನಾಯಿತಿ ಸಿಗುತ್ತದೆ, ನಿಜ. ಆದರೆ ಕೆಲಸ ಹೋದರೆ ಆದಾಯ ತೆರಿಗೆ ನಿಲ್ಲುತ್ತದೆ, ಈ ಬಿಲ್ ನಿಲ್ಲುವುದಿಲ್ಲ. ಹೋಗುವ ಮುಂಚೆ ಆ ಕೌಂಟಿಯ ದರ ನೋಡಿಕೊಳ್ಳಿ.